ಅಪ್ಪನಿಗೆ ಪ್ರಜ್ಞೆ ಇಲ್ಲ, ಹಣವೆಲ್ಲ ಅಪ್ಪನ ಹೆಸರಲ್ಲಿ: ಕಾಸರಗೋಡಿನವರು ಯಾರ ಹತ್ತಿರ ಹೋಗಬೇಕು?

ಬಾಯಾರಿನವ:

ಎಲ್ಲರಿಗೂ ನಮಸ್ಕಾರ. ನಮ್ಮದು ಬಾಯಾರಿನ ಹತ್ತಿರ, ಮಂಜೇಶ್ವರ ತಾಲೂಕು. ಅಪ್ಪನಿಗೆ 61 ವರ್ಷ. ಚಳಿಗಾಲದಲ್ಲಿ ಬಿಪಿ ಜಾಸ್ತಿಯಾಗಿ ಮೆದುಳಿನಲ್ಲಿ ರಕ್ತಸ್ರಾವ ಆಯಿತು. ಮಂಗಳೂರಿನಲ್ಲಿ ಆಪರೇಷನ್ ಮಾಡಿದರು. ಜೀವ ಉಳಿಯಿತು, ಪ್ರಜ್ಞೆ ಬರಲಿಲ್ಲ. ಈಗ ಮನೆಯಲ್ಲೇ ಇದ್ದಾರೆ. ಮೂಗಿನ ನಳಿಗೆಯಲ್ಲಿ ಗಂಜಿ ನೀರು, ಹಾಲು. ಕಣ್ಣು ಬಿಡುತ್ತಾರೆ, ಆದರೆ ಯಾರ ಗುರುತೂ ಇಲ್ಲ.

ತೋಟ, ಎಸ್‌ಬಿ ಖಾತೆ, ಎಫ್‌ಡಿ ಎಲ್ಲ ಅಪ್ಪನ ಒಬ್ಬರದೇ ಹೆಸರಲ್ಲಿ. ಎಟಿಎಂ ಕಾರ್ಡು ಮಾಡಿಸಿದವರೇ ಅಲ್ಲ. ಚೆಕ್ಕಿಗೆ ಸಹಿ ಹಾಕಿಯೇ ಹಣ ತೆಗೆಯುವ ಅಭ್ಯಾಸ. ಅಟ್ಟದಲ್ಲಿದ್ದ ಚಾಲಿ ಅಡಿಕೆ ಮಾರಿದೆವು, ಆ ದುಡ್ಡೂ ಅವರ ಖಾತೆಗೇ ಹೋಯಿತು. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಮ್ಯಾನೇಜರ್ ಒಳ್ಳೆಯವರೇ, ಆದರೆ "ಕೋರ್ಟ್ ಆರ್ಡರ್ ತನ್ನಿ" ಎನ್ನುತ್ತಾರೆ. ಯಾವ ಕೋರ್ಟು ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ. ಒಬ್ಬರು ವಾರಸುದಾರ ಸರ್ಟಿಫಿಕೇಟ್ ಮಾಡಿಸಿ ಎಂದರು. ಅಪ್ಪ ಬದುಕಿದ್ದಾರೆ ಮಾರಾಯ್ರೆ! ಇನ್ನೊಬ್ಬರು ಹೆಬ್ಬೆಟ್ಟು ಒತ್ತಿಸಿ ಪವರ್ ಆಫ್ ಅಟಾರ್ನಿ (ಅಪ್ಪನ ಪರವಾಗಿ ವ್ಯವಹಾರ ಮಾಡುವ ಅಧಿಕಾರಪತ್ರ) ಮಾಡಿಸು, ನೋಟರಿಯನ್ನು ನಾನು ನೋಡಿಕೊಳ್ಳುತ್ತೇನೆ ಎಂದರು.

ಅಮ್ಮ, ನಾನು ಮನೆಯಲ್ಲಿ. ಅಕ್ಕನನ್ನು ಪುತ್ತೂರಿಗೆ ಕೊಟ್ಟದ್ದು. ಅಣ್ಣ ಶಾರ್ಜಾದಲ್ಲಿ. ಮಳೆ ಹಿಡಿಯುವ ಮೊದಲು ಅಡಿಕೆ ಮರಗಳಿಗೆ ಮದ್ದು ಬಿಡಿಸಬೇಕು, ಹೋಂ ನರ್ಸಿಗೆ ಸಂಬಳ ಕೊಡಬೇಕು. ಈಗ ಸಾಲದಲ್ಲೇ ನಡೆಯುತ್ತಿದೆ. ಅಮೆರಿಕದಲ್ಲಿ ಇಂಥವರ ವ್ಯವಹಾರಕ್ಕೆ ಕೋರ್ಟೇ ಕನ್ಸರ್ವೇಟರ್ ಅಂತ ಒಬ್ಬರನ್ನು ನೇಮಿಸುತ್ತದಂತೆ. ನಮ್ಮಲ್ಲಿ ಅಂಥದ್ದು ಉಂಟಾ? ಮಾಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಉಪ್ಪಳ ಎಕ್ಸ್‌ಪ್ರೆಸ್:

ಬ್ರೋ, ಅಪ್ಪನ ಸಿಮ್ ನಿಮ್ಮ ಹತ್ತಿರ ಉಂಟಲ್ವಾ? ಡೆಬಿಟ್ ಕಾರ್ಡಿಗೆ ಅರ್ಜಿ ಕೊಟ್ಟು, ಆಮೇಲೆ ಫೋನಲ್ಲೇ ಯುಪಿಐ ಮಾಡಿಕೊಳ್ಳಿ. ಅರ್ಧ ಊರು ನಡೆಸುವುದು ಹಾಗೇ. ಕೋರ್ಟು ಗೀರ್ಟು ಅಂತ ಹೋದರೆ ನಿಮ್ಮ ಮಕ್ಕಳ ಕಾಲಕ್ಕೆ ಮುಗಿದೀತು.

ಪೆರ್ಲದ ನಿವೃತ್ತ:

ಮೇಲಿನ ಸಲಹೆ ಬೇಡ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಅರ್ಜಿಗೆ ಅಪ್ಪನ ಸಹಿ ಯಾರು ಹಾಕುವುದು? ನಾಳೆ ಮನೆಯವರಲ್ಲೇ ಒಬ್ಬರು ತಿರುಗಿ ಬಿದ್ದರೆ ಅದು ಫೋರ್ಜರಿ ಕೇಸು.

ಹೆಬ್ಬೆಟ್ಟಿನ ವಿಷಯ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ಕಾಯಿಲೆಯವರು, ತೀರಾ ವಯಸ್ಸಾದವರು ಸಹಿ ಹಾಕಲಾಗದಿದ್ದರೆ ಹೆಬ್ಬೆಟ್ಟು, ಅದೂ ಆಗದಿದ್ದರೆ ಕಾಲಿನ ಹೆಬ್ಬೆರಳ ಗುರುತು ತೆಗೆದುಕೊಳ್ಳಬಹುದು ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಉಂಟು. ಇಬ್ಬರು ಸಾಕ್ಷಿ ಬೇಕು, ಅದರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ. ಆಸ್ಪತ್ರೆಯ ಮಂಚದ ಹತ್ತಿರ ಕೂತು ನಾನೇ ಅಂಥ ಗುರುತು ತೆಗೆದುಕೊಂಡದ್ದುಂಟು. ಆದರೆ ಇದು ಕೈ ಆಡದಿದ್ದರೂ ತಲೆ ಸರಿ ಇರುವವರಿಗೆ ಮಾತ್ರ. ಹಣ ತೆಗೆಯಬೇಕು, ಇಂಥವರ ಕೈಯಲ್ಲಿ ಕೊಡಿ ಎಂದು ಅವರೇ ತಿಳಿಸಬೇಕು. ಪ್ರಜ್ಞೆ ಇಲ್ಲದವರ ಬೆರಳನ್ನು ನಾವು ಹಿಡಿದು ಶಾಯಿಗೆ ಅದ್ದಿದರೆ ಅದು ಅವರ ಒಪ್ಪಿಗೆ ಆಗುವುದಿಲ್ಲ.

ಪವರ್ ಆಫ್ ಅಟಾರ್ನಿಯೂ ಹಾಗೆಯೇ. ಈಗ ಹೊಸದಾಗಿ ಕೊಡುವ ಸ್ಥಿತಿಯಲ್ಲಿ ಅವರಿಲ್ಲ. ಮೊದಲೇ ಕೊಟ್ಟಿದ್ದರೂ ಬುದ್ಧಿ ಸ್ಥಿಮಿತ ತಪ್ಪಿದರೆ ಅದು ಅಲ್ಲಿಗೇ ಮುಗಿಯುತ್ತದೆ: 1872ರ ಕಂಟ್ರಾಕ್ಟ್ ಆಕ್ಟ್, ಸೆಕ್ಷನ್ 201. ನಾಮಿನಿಗೂ ಅವರು ತೀರಿಕೊಂಡ ಮೇಲೆಯೇ ಕೆಲಸ, ಈಗ ಏನೂ ಇಲ್ಲ. ಓದುತ್ತಿರುವ ಉಳಿದವರು ಇವತ್ತೇ ಹೋಗಿ ಗಂಡ ಹೆಂಡಿರ ಖಾತೆಯನ್ನು 'ಐದರ್ ಆರ್ ಸರ್ವೈವರ್', ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದಾದ ಜಂಟಿ ಖಾತೆ ಮಾಡಿಸಿ. ಖರ್ಚಿಲ್ಲ.

ಬಾಯಾರಿನವರಿಗೆ: ನಿಮಗೆ ಬೇಕಾದದ್ದು ಹೈಕೋರ್ಟಿನ ಆದೇಶ. ಅದರ ದಾರಿ ನೀರ್ಚಾಲು ಟೀಚರಿಗೆ ಗೊತ್ತು. ಅವರು ಇಲ್ಲಿಗೆ ಬರುತ್ತಾರೆ, ಸ್ವಲ್ಪ ಕಾಯಿರಿ.

ನೀರ್ಚಾಲು ಟೀಚರ್:

ನನ್ನನ್ನು ಕರೆದದ್ದು ಈಗ ಕಂಡಿತು. ಮಗೂ, ಮೊದಲು ಅಪ್ಪನ ಬೆನ್ನು ನೋಡು. ಹುಣ್ಣಾಗದ ಹಾಗೆ ಏರ್‌ಬೆಡ್ ಹಾಕಿದ್ದೀರಾ? ಹಾಸಿಗೆ ಹಿಡಿದವರ ಆರೈಕೆಗೆ ಬರುವ ಪಂಚಾಯತಿನ ಪಾಲಿಯೇಟಿವ್ ನರ್ಸಿಗೆ ಹೆಸರು ಕೊಟ್ಟಿದ್ದೀರಾ? ಕೊಡಿ. ಅವರು ಮನೆಗೇ ಬಂದು ಟ್ಯೂಬ್ ಬದಲಿಸುತ್ತಾರೆ. ನಮ್ಮ ಕೇರಳದಲ್ಲಿ ಬಯ್ಯಬೇಕಾದ್ದು ಬೇಕಾದಷ್ಟು ಉಂಟು, ಇದನ್ನು ಮಾತ್ರ ಬಯ್ಯಲಾರೆ.

ಇನ್ನು ವಿಷಯ. ನನ್ನ ಮನೆಯವರಿಗೆ ಒಂದು ದಿನ ಅಂಗಡಿಯಲ್ಲೇ ಹೃದಯ ನಿಂತುಹೋಯಿತು. ಮತ್ತೆ ಹೊಡೆದುಕೊಂಡಿತು, ಆದರೆ ಅಷ್ಟರಲ್ಲಿ ಮೆದುಳಿಗೆ ಆಮ್ಲಜನಕ ಹೋಗದೆ ಎಲ್ಲ ಮುಗಿದಿತ್ತು. ಜವಳಿ ಅಂಗಡಿ. ಸ್ಟಾಕು, ಸಾಲ, ಚಾಲ್ತಿ ಖಾತೆ ಎಲ್ಲ ಅವರದೇ ಹೆಸರಲ್ಲಿ. ನಾನು ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವಳು, ನನ್ನ ಪಿಂಚಣಿಯಲ್ಲಿ ಮನೆ ನಡೆಯುತ್ತಿತ್ತು, ಅವರ ಚಿಕಿತ್ಸೆ ನಡೆಯುತ್ತಿರಲಿಲ್ಲ. ಈಗ ಹೈಕೋರ್ಟು ನೇಮಿಸಿದ ಗಾರ್ಡಿಯನ್, ಅಂದರೆ ಅವರ ಪರವಾಗಿ ವ್ಯವಹಾರ ನೋಡಿಕೊಳ್ಳುವವಳು, ನಾನೇ.

ನೀನು ಕೇಳಿದ ಹಾಗೆ ಯಾವ ಕೋರ್ಟು ಎನ್ನುವುದಕ್ಕೆ ನೇರ ಉತ್ತರ ಯಾವ ಕಾನೂನಿನಲ್ಲೂ ಇಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್ ಹದಿನೆಂಟು ತುಂಬದ ಮಕ್ಕಳಿಗೆ. 1987ರ ಮೆಂಟಲ್ ಹೆಲ್ತ್ ಆಕ್ಟಿನಲ್ಲಿ ಮಾನಸಿಕ ಕಾಯಿಲೆಯವರ ಆಸ್ತಿ ನೋಡಿಕೊಳ್ಳಲು ಜಿಲ್ಲಾ ಕೋರ್ಟು ಮ್ಯಾನೇಜರನ್ನು ನೇಮಿಸಬಹುದಿತ್ತು. 2017ರ ಹೊಸ ಕಾನೂನು 2018ರ ಮೇ ತಿಂಗಳಲ್ಲಿ ಜಾರಿಗೆ ಬಂದಾಗ ಹಳೆಯದು ಹೋಯಿತು, ಅದರ ಜೊತೆ ಆ ಆಸ್ತಿಯ ಅಧ್ಯಾಯವೂ ಹೋಯಿತು. ಹೊಸದರಲ್ಲಿ ನಾಮಿನೇಟೆಡ್ ರೆಪ್ರೆಸೆಂಟೇಟಿವ್ ಅಂತ ಒಬ್ಬರು ಇರಬಹುದು, ಆದರೆ ಅವರ ಮಾತು ನಡೆಯುವುದು ಚಿಕಿತ್ಸೆಯ ವಿಷಯದಲ್ಲಿ. ಬ್ಯಾಂಕಿನಲ್ಲಿ ಅಲ್ಲ. ಅಂತೂ ಉಸಿರಾಡುತ್ತಾ ಮಲಗಿದವರ ಹಣಕ್ಕೆ ದಿಕ್ಕು ಯಾರು ಎಂದು ಕಾನೂನು ಬರೆದವರಿಗೆ ಹೊಳೆಯಲೇ ಇಲ್ಲ.

ಆ ಖಾಲಿ ಜಾಗವನ್ನು ತುಂಬಿದ್ದು ಕೇರಳ ಹೈಕೋರ್ಟು. 2019ರ ಫೆಬ್ರವರಿಯಲ್ಲಿ ಶೋಭಾ ಗೋಪಾಲಕೃಷ್ಣನ್ ಕೇಸಿನಲ್ಲಿ ತೀರ್ಪು ಬಂತು. ಕೋಮಾದಲ್ಲಿರುವವರಿಗೆ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ (ನೇರ ಹೈಕೋರ್ಟಿಗೇ ಕೊಡುವ ಅರ್ಜಿ) ಹಾಕಿ ಗಾರ್ಡಿಯನ್ ನೇಮಕ ಮಾಡಿಸಬಹುದು ಎಂದು ಹೇಳಿ, ಏನೇನು ನೋಡಬೇಕು ಎನ್ನುವುದನ್ನೂ ಬರೆದುಕೊಟ್ಟಿತು. ಕಾನೂನು ಬರುವವರೆಗೆ ಅದೇ ದಾರಿ. ಆಮೇಲೆ ಅಲಹಾಬಾದ್, ದೆಹಲಿ ಹೈಕೋರ್ಟುಗಳೂ ಇದೇ ಜಾಡಿನಲ್ಲಿ ಹೋದವು. ವಕೀಲರ ಹತ್ತಿರ ಹೋದಾಗ ಈ ಹೆಸರು ಹೇಳು. ಮುಖ ನೋಡಿದರೆ ಗೊತ್ತಾಗುತ್ತದೆ ಅವರಿಗೆ ವಿಷಯ ಗೊತ್ತಾ ಇಲ್ವಾ ಅಂತ.

ಅರ್ಜಿಯಲ್ಲಿ ಆಸ್ತಿಯನ್ನೆಲ್ಲ ಬರೆಯಬೇಕು. ಎಲ್ಲ ಎಂದರೆ ಎಲ್ಲ. ಎಫ್‌ಡಿ, ಎಲ್‌ಐಸಿ, ಸೊಸೈಟಿಯ ಷೇರು, ಸ್ಕೂಟರ್, ಯಾರಿಗಾದರೂ ಕೈಸಾಲ ಕೊಟ್ಟಿದ್ದರೆ ಅದೂ. ನಮ್ಮಲ್ಲಿ ಕಷ್ಟವಾದದ್ದು ಭೂಮಿಯ ಕಾಗದ. ಮಾವನವರ ಕಾಲದ ಪಾಲುಪಟ್ಟಿ 1956ಕ್ಕಿಂತ ಹಿಂದಿನದು, ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತಲ್ಲ, ಹಾಗಾಗಿ ಪೂರ್ತಿ ಕನ್ನಡ. ಅದೂ ಮೋಡಿ ಹೊಡೆದ ಹಾಗಿನ ಗುಮಾಸ್ತರ ಕೈಬರಹ. ಈಗಿನ ತೀರ್ವೆ (ಭೂಕಂದಾಯ) ರಶೀದಿ ಮಲಯಾಳ. ಹೈಕೋರ್ಟಿನ ಕೆಲಸ ಇಂಗ್ಲಿಷಿನಲ್ಲಿ. ಹೈಕೋರ್ಟು ಇರುವ ಎರ್ನಾಕುಳಂನ ವಕೀಲರು ಆ ಪಾಲುಪಟ್ಟಿಯನ್ನು ತಲೆಕೆಳಗಾಗಿ ಹಿಡಿದುಕೊಂಡು ಇದು ಯಾವ ಭಾಷೆ ಎಂದು ಕೇಳಿದರು. ಕೊನೆಗೆ ನಾನೇ ಭೂತಕನ್ನಡಿ ಹಿಡಿದು ಸಾಲು ಸಾಲು ಓದಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಗ್ಲಿಷಿಗೆ ಮಾಡಿಕೊಟ್ಟ. ಹುಡುಗ ಆರನೇ ಕ್ಲಾಸಿನಲ್ಲಿ ಕಾಗುಣಿತ ತಪ್ಪಿ ಪೆಟ್ಟು ತಿಂದವನು. ನಿಮ್ಮ ಮನೆಯಲ್ಲೂ ಕಾಗದ ಹಾಗಿದ್ದರೆ ಈಗಲೇ ಅನುವಾದ ಶುರು ಮಾಡಿ, ಕೋರ್ಟು ಕೇಳುವ ತನಕ ಕಾಯಬೇಡಿ.

ಆಮೇಲೆ ಎರಡು ತನಿಖೆ ನಡೆಯುತ್ತದೆ. ಒಂದು ಮೆಡಿಕಲ್ ಬೋರ್ಡಿನದು. ಮಂಗಳೂರಿನ ಆಸ್ಪತ್ರೆಯ ಕಾಗದಗಳನ್ನು ಒಂದೂ ಬಿಡದೆ ಇಟ್ಟುಕೊಳ್ಳಿ. ಆದರೆ ಅದೊಂದೇ ಸಾಕು ಎಂದುಕೊಳ್ಳಬೇಡಿ. ಸರಕಾರಿ ಡಾಕ್ಟರುಗಳ ಬೋರ್ಡು ನೋಡಿ ವರದಿ ಕೊಡಬೇಕು. ಎರಡನೆಯದು ರೆವೆನ್ಯೂ ಇಲಾಖೆಯದು. ತಹಸೀಲ್ದಾರರಿಗಿಂತ ಕೆಳಗಿನವರು ಆಗುವುದಿಲ್ಲ. ಆಸ್ತಿ ಎಷ್ಟು, ಮನೆಯಲ್ಲಿ ಯಾರು ಯಾರು, ಅರ್ಜಿ ಹಾಕಿದವರು ಹೇಗೆ, ಎಲ್ಲ ವಿಚಾರಿಸುತ್ತಾರೆ.

ನಮ್ಮಲ್ಲಿಗೆ ರೆವೆನ್ಯೂ ಇಲಾಖೆಯಿಂದ ಬಂದವರು ತೆಂಕಿನ ಕಡೆಯ ಮಲಯಾಳದವರು, ಚಿಕ್ಕ ಪ್ರಾಯ. ಮಂಚದ ಹತ್ತಿರ ನಿಂತು ಇವರ ಹೆಸರು ಹಿಡಿದು ಕರೆದರು. ಏನೂ ಇಲ್ಲ. ಟೀಚರೇ ನೀವು ಕರೆಯಿರಿ, ಮನೆಯವರ ಸ್ವರಕ್ಕೆ ಏನಾದರೂ ಆಗುತ್ತದೋ ನೋಡೋಣ ಎಂದರು. ನಾನು ಹುಟ್ಟಿದ ಮೇಲೆ ಗಂಡನ ಹೆಸರು ಹಿಡಿದು ಕರೆದವಳಲ್ಲ. "ಇದಾ, ಕೇಳಿತ್ತಾ?" ಎಂದೆ. ನಮ್ಮ ಮನೆಮಾತಿನಲ್ಲಿ ಅಷ್ಟೇ. ಅವರಿಗೆ ಅರ್ಥವಾಗದೆ ಹೆಸರು ಹೇಳಿ ಎಂದರು. ವಿಲ್ಲೇಜ್ ಆಫೀಸಿನ ನಮ್ಮೂರಿನ ಹುಡುಗ ನಕ್ಕು, ಸರ್, ಅವರು ಕರೆದಾಯಿತು ಎಂದ. ಬಾಗಿಲಲ್ಲಿ ನಿಂತ ಸೊಸೆಗೂ ನಗು. ಅಂಥ ಹೊತ್ತಿನಲ್ಲೂ ನಗು ಬರುತ್ತದೆ, ಏನು ಮಾಡುವುದು.

ನೋಟಿಸೋ ನಮೂನೆಯೋ ಮಲಯಾಳದಲ್ಲೇ ಬಂದರೆ ಹೆದರಬೇಡ. ನಮ್ಮ ತಾಲೂಕುಗಳಲ್ಲಿ ಕಚೇರಿಗೆ ಕನ್ನಡದಲ್ಲಿ ಬರೆಯುವ ಹಕ್ಕು 1969ರ ಕೇರಳದ ಭಾಷಾ ಕಾನೂನಿನಲ್ಲೇ ಉಂಟು. ನಾನು ಕನ್ನಡದಲ್ಲೇ ಬರೆದುಕೊಟ್ಟೆ. ಕೆಲಸ ಬೇಗ ಆಗಲಿ ಎಂದರೆ ಜೊತೆಗೊಂದು ಮಲಯಾಳ ಪ್ರತಿ ಇಡು. ಹಟ ಬೇರೆ, ಕೆಲಸ ಬೇರೆ.

ಅರ್ಜಿ ಯಾರ ಹೆಸರಲ್ಲಿ? ಕೋರ್ಟು ಮೊದಲು ನೋಡುವುದು ಹೆಂಡತಿ ಮಕ್ಕಳನ್ನು. ಒಬ್ಬರು ಮುಂದೆ ಬಂದರೆ ಉಳಿದವರ ಒಪ್ಪಿಗೆ ಬೇಕು. ನನ್ನ ಮಾತು ಕೇಳಿದರೆ ಅಮ್ಮನ ಹೆಸರಲ್ಲಿ ಹಾಕು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಕಾಸರಗೋಡು ವಿದ್ಯಾನಗರದ ಕೋರ್ಟ್ ಆವರಣದಲ್ಲಿ ಜಿಲ್ಲಾ ಪ್ರಾಧಿಕಾರ ಉಂಟು, ಹೈಕೋರ್ಟಿಗೂ ಒಂದು ಸಮಿತಿ ಉಂಟು. ಎರ್ನಾಕುಳಂಗೆ ಹೋಗಲೇಬೇಕಾದರೆ ಸಂಜೆಯ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ, ಬೆಳಕು ಹರಿಯುವ ಮೊದಲೇ ಟೌನ್ ಸ್ಟೇಷನ್ನಿನಲ್ಲಿ ಇಳಿಸುತ್ತದೆ. ಸೊಳ್ಳೆ ಜಾಸ್ತಿ.

ಇನ್ನು ಆರ್ಡರ್ ಸಿಕ್ಕಿದ ಮೇಲಿನ ವಿಷಯ. ಇದನ್ನು ಯಾರೂ ಹೇಳುವುದಿಲ್ಲ. ಗಾರ್ಡಿಯನ್ ಆದ ಕೂಡಲೇ ಹಣ ನಿನ್ನದಾಗುವುದಿಲ್ಲ. ಗಂಡನ ದುಡ್ಡಿಗೆ ನಾನೀಗ ಯುವಕ ಮಂಡಲದ ಖಜಾಂಚಿಯ ಹಾಗೆ: ಚೆಕ್ಕಿಗೆ ಸಹಿ ನನ್ನದು, ಲೆಕ್ಕ ಮಾತ್ರ ಊರಿಗೆಲ್ಲ ಒಪ್ಪಿಸಬೇಕು. ಆರು ತಿಂಗಳಿಗೊಮ್ಮೆ ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ಅವರಿಗೆ ವರದಿ ಹೋಗಬೇಕು. ಸಮಾಜ ಕಲ್ಯಾಣದವರು ಯಾವಾಗ ಬೇಕಾದರೂ ಮನೆಗೆ ಬಂದು ನೋಡಬಹುದು. ಹಣ ದುರುಪಯೋಗವಾದರೆ ತೆಗೆದುಹಾಕುತ್ತಾರೆ, ಕೇಸೂ ಬೀಳಬಹುದು.

ನಾನು ಉದ್ದ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಡಯಾಪರ್, ಟ್ಯೂಬ್, ನರ್ಸಿನ ಸಂಬಳ, ಫಿಸಿಯೋಥೆರಪಿ, ಆಕ್ಸಿಜನ್ ಸಿಲಿಂಡರ್. ಪ್ರತಿಯೊಂದರ ಬಿಲ್ ಹಿಂದಿನ ಪುಟಕ್ಕೆ ಅಂಟಿಸುತ್ತೇನೆ. ಏರ್‌ಬೆಡ್ಡಿನ ಪಂಪು ರಾತ್ರಿ ಹಗಲು ಓಡುವುದರಿಂದ ಕರೆಂಟ್ ಬಿಲ್ಲಿನಲ್ಲಿ ಒಂದು ಪಾಲನ್ನೂ ಬರೆದೆ. ವಕೀಲರು ಅದನ್ನು ನೋಡಿ ಮೆಚ್ಚಿದರು. ಹಬ್ಬಕ್ಕೆ ಮನೆಯವರಿಗೆ ಬಟ್ಟೆ ತೆಗೆದದ್ದನ್ನು ಬರೆಯಬೇಡಿ, ಅದು ನಿಮ್ಮ ಪಿಂಚಣಿಯಲ್ಲಿ ಆಗಲಿ ಎಂದರು. ಸರಿಯೇ. ಮೊಮ್ಮಗಳ ಕಾಲೇಜಿಗೆ ಅಜ್ಜನ ಹಣ ಬೇಕು ಎನ್ನುವ ಮಾತು ಮನೆಯಲ್ಲಿ ಎದ್ದಾಗ ನಾನು, ಕೋರ್ಟನ್ನು ಕೇಳದೆ ಒಂದು ರೂಪಾಯಿ ಕೊಡುವುದಿಲ್ಲ ಎಂದೆ. ಎರಡು ದಿನ ಯಾರೂ ಸರಿ ಮಾತಾಡಲಿಲ್ಲ. ಅಜ್ಜ ಎದ್ದು ಕೂತಿದ್ದರೆ ಖಂಡಿತ ಕೊಡುತ್ತಿದ್ದರು, ಅದು ನನಗೂ ಗೊತ್ತು. ಆದರೆ ಅವರು ಕೊಡುವುದು ಬೇರೆ, ನಾನು ಅವರ ಪರವಾಗಿ ತೆಗೆದು ಕೊಡುವುದು ಬೇರೆ. ಭೂಮಿ ಮಾರುವುದಂತೂ ಪ್ರತ್ಯೇಕ ಅನುಮತಿ ಇಲ್ಲದೆ ಕನಸಿನಲ್ಲೂ ಬೇಡ.

ಸ್ವರ್ಗದ ಅಮ್ಮ:

ಟೀಚರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಎಣ್ಮಕಜೆ ಕಡೆಯವರು ಓದುತ್ತಿದ್ದರೆ ಉಪಯೋಗ ಆದೀತು. ನಮ್ಮ ಊರು ಸ್ವರ್ಗದ ಮೇಲೆ ಗೇರು ತೋಟಕ್ಕೆಂದು ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಎಲ್ಲರಿಗೂ ಗೊತ್ತು. ನನ್ನ ಮಗಳಿಗೆ ಬುದ್ಧಿ ಬೆಳೆದಿಲ್ಲ, ಈಗ ಇಪ್ಪತ್ತು ದಾಟಿದೆ. ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದ 5 ಲಕ್ಷ ಪರಿಹಾರ ಅವಳ ಹೆಸರಿಗೆ ಬಂತು. ಹದಿನೆಂಟು ತುಂಬಿದ ಮೇಲೆ ತಾಯಿ ಎಂದರೂ ಕಾನೂನಿನ ಲೆಕ್ಕದಲ್ಲಿ ಗಾರ್ಡಿಯನ್ ಅಲ್ಲ. ಹೆತ್ತವಳು ನಾನಲ್ಲದೆ ಮತ್ತೆ ಯಾರು ಎಂದು ಕೌಂಟರಿನಲ್ಲಿ ಜಗಳ ಮಾಡಿದೆ. ಪ್ರಯೋಜನ ಇಲ್ಲ.

ಇಂಥವರು ಎರ್ನಾಕುಳಂಗೆ ಹೋಗಬೇಕಾಗಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಉಂಟು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಒಂದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ಜಿಲ್ಲಾಧಿಕಾರಿ ಇರುವ ಲೋಕಲ್ ಲೆವೆಲ್ ಕಮಿಟಿಯೇ ಗಾರ್ಡಿಯನ್ ನೇಮಿಸುತ್ತದೆ. ನಮ್ಮದು ಸಿವಿಲ್ ಸ್ಟೇಷನ್ನಿನಲ್ಲೇ (ಜಿಲ್ಲೆಯ ಸರಕಾರಿ ಕಚೇರಿಗಳ ಕಟ್ಟಡ) ಆಯಿತು. ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಕೊಡಬೇಕು. ಪಾರ್ಶ್ವವಾಯು ಆಗಿ ಮಲಗಿದವರಿಗೆ, ಮರೆವಿನ ಕಾಯಿಲೆಯವರಿಗೆ ಈ ಕಮಿಟಿ ಆಗುವುದಿಲ್ಲ.

ನನಗೆ ನಿದ್ದೆ ಬಾರದ್ದು ಬೇರೆ ವಿಷಯಕ್ಕೆ. ನಾನು ಹೋದ ಮೇಲೆ ಯಾರು? ಫಾರ್ಮಿನಲ್ಲಿ ಅದಕ್ಕೆ ಜಾಗ ಇಲ್ಲ.

ಕುಂಬಳೆ ಟು ಕ್ಯಾಲಿಫೋರ್ನಿಯಾ:

ಕನ್ಸರ್ವೇಟರ್ ಎಂದು ಕೇಳಿದಿರಲ್ಲ, ಅದಕ್ಕೆ. ಇಲ್ಲಿ ಅದು ಎರಡು ಬಗೆ: ವ್ಯಕ್ತಿಯನ್ನು ನೋಡಿಕೊಳ್ಳುವುದು ಒಂದು, ಆಸ್ತಿ ನೋಡಿಕೊಳ್ಳುವುದು ಇನ್ನೊಂದು. ಒಬ್ಬರೇ ಎರಡೂ ಆಗಬಹುದು. ಕೋರ್ಟಿನ ಇನ್ವೆಸ್ಟಿಗೇಟರ್ ಮನೆಗೆ ಬರುತ್ತಾರೆ. ಆಸ್ತಿಯ ಲೆಕ್ಕ ಮೊದಲ ವರ್ಷದ ಕೊನೆಗೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಮನೆಯವರು ಇಲ್ಲದಿದ್ದರೆ ಲೈಸೆನ್ಸ್ ಇರುವ ವೃತ್ತಿಯವರು ಸಿಗುತ್ತಾರೆ, ಅವರ ಫೀಸು ಕಾಯಿಲೆಯವರ ದುಡ್ಡಿನಿಂದಲೇ. ಚೆನ್ನಾಗಿದೆ ಎಂದುಕೊಳ್ಳಬೇಡಿ. ಹಾಡುಗಾರ್ತಿ ಬ್ರಿಟ್ನಿ ಸ್ಪಿಯರ್ಸ್ 2008ರಿಂದ 2021ರವರೆಗೆ ಇದರಲ್ಲೇ ಇದ್ದಳು. ಸ್ಟೇಜಿನ ಮೇಲೆ ಕುಣಿದು ದುಡಿಯಲು ಆಗುತ್ತಿತ್ತು, ತನ್ನ ದುಡ್ಡು ಮುಟ್ಟಲು ಆಗುತ್ತಿರಲಿಲ್ಲ.

ಆದರೆ ಇಲ್ಲಿ ಒಂದು ಅನುಕೂಲ ಉಂಟು. ಪವರ್ ಆಫ್ ಅಟಾರ್ನಿಯನ್ನು ಮುಂದೆ ಪ್ರಜ್ಞೆ ತಪ್ಪಿದರೂ ನಡೆಯುವ ಹಾಗೆ ಬರೆದಿಡಬಹುದು. ಅದಿದ್ದರೆ ಎಷ್ಟೋ ಮನೆಯವರಿಗೆ ಕೋರ್ಟಿನ ಮುಖ ನೋಡುವ ಕೆಲಸವೇ ಇಲ್ಲ. ಊರಲ್ಲೂ ಅದು ಬರಬೇಕು.

ಬಾಯಾರಿನವ:

ಎಲ್ಲರಿಗೂ ಥ್ಯಾಂಕ್ಸ್. ಟೀಚರ್, ಅಮ್ಮನಿಗೆ ನಿಮ್ಮದನ್ನು ಓದಿ ಹೇಳಿದೆ. "ಇದಾ, ಕೇಳಿತ್ತಾ" ಬಂದಾಗ ನಕ್ಕರು. ಪಾಲಿಯೇಟಿವ್‌ನವರಿಗೆ ಹೆಸರು ಕೊಟ್ಟೆ. ಒಂದೇ ತೊಂದರೆ. ಶಾರ್ಜಾದ ಅಣ್ಣ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಲು ಹಿಂದೆಮುಂದೆ ನೋಡುತ್ತಿದ್ದಾನೆ. ಕೋರ್ಟಿನಲ್ಲಿ ಅಮ್ಮನ ಹೆಸರು ಬಂದರೆ ತೋಟ ಅಮ್ಮನದಾಗುತ್ತದೆ, ಆಮೇಲೆ ನೀನು ಬರೆಸಿಕೊಳ್ಳುತ್ತೀ ಎನ್ನುತ್ತಾನೆ. ಬೇರೆ ಯಾರೋ ತಲೆ ತುಂಬಿದ್ದಾರೆ.

ನೀರ್ಚಾಲು ಟೀಚರ್:

ಅಣ್ಣನಿಗೆ ಹೇಳು: ತೋಟ ಅಪ್ಪನ ಹೆಸರಲ್ಲೇ ಇರುತ್ತದೆ. ಅಮ್ಮ ಗಾರ್ಡಿಯನ್ ಆದರೆ ಅದು ಪಾಲಲ್ಲ, ದಾನಪತ್ರವೂ ಅಲ್ಲ. ಅವನ ಹಕ್ಕು ಒಂದು ಚೂರೂ ಕಡಿಮೆ ಆಗುವುದಿಲ್ಲ. ಅವನಿಗೆ ಇನ್ನೂ ಸಂಶಯ ಇದ್ದರೆ, ಆರು ತಿಂಗಳಿಗೊಮ್ಮೆ ಕೋರ್ಟಿಗೆ ಕೊಡುವ ಲೆಕ್ಕದ ಪ್ರತಿಯನ್ನು ಅವನಿಗೂ ವಾಟ್ಸಾಪ್ ಮಾಡುತ್ತೇವೆ ಎಂದು ಅಮ್ಮನೇ ಹೇಳಲಿ. ನೀನು ಹೇಳಬೇಡ. ಅಣ್ಣ ತಮ್ಮಂದಿರ ಬಾಯಲ್ಲಿ ಆ ಮಾತು ಬೇರೆ ಥರ ಕೇಳುತ್ತದೆ.

ಸಹಿಗಾಗಿ ಅವನು ರಜೆ ಹಾಕಿ ಬರಬೇಕಾಗಿಲ್ಲ. ವಕೀಲರು ಅಫಿಡವಿಟ್ ಬರೆದು ಕಳಿಸುತ್ತಾರೆ, ದುಬೈಯ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕೊರಿಯರ್ ಮಾಡಿದರಾಯಿತು. ಪುತ್ತೂರಿನ ಅಕ್ಕನದು ಅಲ್ಲಿಯ ನೋಟರಿಯಲ್ಲಿ ಆಗುತ್ತದೆ. ಅವನು ಖಂಡಿತ ಬೇಡ ಎಂದರೂ ಅರ್ಜಿ ನಿಲ್ಲಿಸಬೇಡಿ. ಅವನನ್ನು ಎದುರು ಪಕ್ಷದಲ್ಲಿ ಸೇರಿಸುತ್ತಾರೆ, ಹೇಳುವುದಿದ್ದರೆ ಕೋರ್ಟಿನಲ್ಲಿ ಹೇಳಲಿ. ಸ್ವಲ್ಪ ತಡ ಆಗುತ್ತದೆ ಅಷ್ಟೇ.

ಮದ್ದು ಬಿಡುವ ಖರ್ಚಿಗೆ ಈಗ ಮಾಡಿದ ಸಾಲದ ಚೀಟಿ ಇಟ್ಟುಕೊಳ್ಳಿ. ಯಾರಿಂದ, ಎಷ್ಟು, ಯಾವ ದಿನ, ಯಾತಕ್ಕೆ. ಅರ್ಜಿಯಲ್ಲೇ ಅದನ್ನು ತೋರಿಸಿ, ಅಪ್ಪನ ಹಣದಿಂದ ತೀರಿಸಲು ಅನುಮತಿ ಕೇಳಬಹುದು. ನರ್ಸಿಗೆ ಕೊಡುವ ಸಂಬಳಕ್ಕೂ ವೋಚರಿನಲ್ಲಿ ಸಹಿ ಹಾಕಿಸಿಕೊಳ್ಳಿ. ಸೋಮವಾರ ವಿದ್ಯಾನಗರಕ್ಕೆ ಹೋಗುವುದಾದರೆ ಅಮ್ಮನ ಆಧಾರ್, ರೇಷನ್ ಕಾರ್ಡು, ಡಿಸ್ಚಾರ್ಜ್ ಸಮ್ಮರಿ ಹಿಡಿದುಕೊಂಡು ಹೋಗಿ. ಬೇಗ ಹೋಗಿ, ಮಧ್ಯಾಹ್ನದ ಮೇಲೆ ಜನ ಜಾಸ್ತಿ.